ಲ್ಯಾಟಿನ್‌ನಲ್ಲಿ ನಾಯಿ ಹುಡುಕಿದ್ದು: ನನ್ನ ಅನುಭವ

ಹಳೆಯ ಕ್ರೈಸ್ತ ಮಠಗಳ ಬರಹದಲ್ಲಿ ನಾಯಿ ಯಾವ ಯಾವ ಅರ್ಥದಲ್ಲಿ ಬರುತ್ತದೆ ಅಂತ ನೋಡಲು ಹೊರಟಾಗ, ಎರಡು ವಾರದ ಕೆಲಸ ಅಂದುಕೊಂಡಿದ್ದೆ. ಹಳೆಯ ಲ್ಯಾಟಿನ್ ಕ್ರೈಸ್ತ ಬರಹಗಳ ದೊಡ್ಡ ಸಂಗ್ರಹವಾದ ‘ಪತ್ರೋಲೋಜಿಯಾ ಲಟೀನಾ’ದ 217 ಸಂಪುಟಗಳೂ ಈಗ ಕಂಪ್ಯೂಟರಿನಲ್ಲೇ ಸಿಗುತ್ತವೆ. ನಾಯಿಗೆ ಲ್ಯಾಟಿನ್‌ನಲ್ಲಿ ‘ಕನಿಸ್’. ಪದ ಹಾಕಿ ಹುಡುಕಿದರೆ ಮುಗಿಯಿತು, ಅಲ್ವಾ?

ಮುಗಿಯಲಿಲ್ಲ. ‘ಕನೆಸ್’ ಅಂದರೆ ನಾಯಿಗಳು, ಜೊತೆಗೆ ‘ನೀನು ಹಾಡುವೆ’ ಅಂತಲೂ ಆಗುತ್ತದೆ. ನರೆಗೂದಲು ಅನ್ನುವ ಪದದ ಒಂದು ವಿಭಕ್ತಿ ರೂಪವೂ ಬರಹದಲ್ಲಿ ‘ಕನಿಸ್’ನ ಥರವೇ ಕಾಣುತ್ತದೆ. ನಾಯಿಯನ್ನು ಕರೆದರೆ ಹಾಡುಗಾರರೂ ಮುದುಕರೂ ಬಂದು ನಿಂತರು. ಕೊನೆಗೆ ನಾಯಿ ಬಿಟ್ಟು ‘ಲಾತ್ರಾರೆ’, ಅಂದರೆ ಬೊಗಳು ಅನ್ನುವ ಕ್ರಿಯಾಪದ ಹಾಕಿದೆ. ಆಗ ದಾರಿ ಸಿಕ್ಕಿತು.

ಮೊದಲು ಒಂದು ಹಾಳೆಯಲ್ಲಿ ಗೆರೆ ಎಳೆದು ಒಳ್ಳೆ ನಾಯಿ, ಕೆಟ್ಟ ನಾಯಿ ಅಂತ ಎರಡು ಭಾಗ ಮಾಡಿದ್ದೆ. ಗ್ರೆಗರಿಯ ಒಂದೇ ಪುಸ್ತಕ ಅದನ್ನು ಕೆಡಿಸಿತು. ಗ್ರೆಗರಿ ಮೊದಲು ಸನ್ಯಾಸಿ, 590ರಲ್ಲಿ ಪೋಪ್ ಆದವನು. ಪಾದ್ರಿಗಳಿಗಾಗಿ ಬರೆದ ಕೈಪಿಡಿಯಲ್ಲಿ, ತಪ್ಪು ಕಂಡೂ ಬಾಯಿ ಬಿಡದ ಗುರುಗಳನ್ನು ಬೈಬಲಿನ ಪ್ರವಾದಿ ಯೆಶಾಯನ ಮಾತಿನಲ್ಲಿ ‘ಬೊಗಳಲಾರದ ಮೂಗ ನಾಯಿಗಳು’ ಅನ್ನುತ್ತಾನೆ. ಅಂದರೆ ಗುರು ನಾಯಿಯಾಗಿರುವುದು ತಪ್ಪಲ್ಲ, ಬೊಗಳದಿರುವುದು ತಪ್ಪು. ಅದೇ ಪುಸ್ತಕದಲ್ಲಿ ಮುಂದೆ, ಅತ್ತು ಪಶ್ಚಾತ್ತಾಪಪಟ್ಟು ಮತ್ತೆ ಅದೇ ಪಾಪಕ್ಕೆ ಇಳಿಯುವವನು ತನ್ನ ವಾಂತಿಗೇ ಮರಳುವ ನಾಯಿ. ಇದನ್ನು ಯಾವ ಭಾಗಕ್ಕೆ ಹಾಕಲಿ?

ಹಾಳೆ ಹರಿದು ಹೊಸದಾಗಿ ಶುರು ಮಾಡಿದೆ. ನಾಯಿ ಒಳ್ಳೆಯದೋ ಕೆಟ್ಟದ್ದೋ ಅನ್ನುವುದನ್ನು ಬಿಟ್ಟು, ಅದರ ಬಾಯಿ ಏನು ಮಾಡುತ್ತಿದೆ ಅಂತ ನೋಡಿದೆ. ಬೊಗಳುವುದು, ನೆಕ್ಕುವುದು, ಕಕ್ಕುವುದು. ಮೂರು ಲಕೋಟೆ. ಸಿಕ್ಕ ಚೀಟಿಗಳಲ್ಲಿ ಮುಕ್ಕಾಲು ಪಾಲು ಸಲೀಸಾಗಿ ಒಳಗೆ ಹೋದವು. ಬೊಗಳುವ ಲಕೋಟೆ ಬೇಗ ತುಂಬಿತು. 747ರಲ್ಲಿ ಧರ್ಮಪ್ರಚಾರಕ ಬೋನಿಫೇಸ್ ಇಂಗ್ಲೆಂಡಿನ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಕತ್‌ಬರ್ಟ್‌ಗೆ ಬರೆದ ಪತ್ರದಲ್ಲೂ ಇದೇ ಮಾತು: ನಾವು ಮೂಗ ನಾಯಿಗಳಾಗುವುದು ಬೇಡ.

ನನಗೆ ಜಾಸ್ತಿ ಇಷ್ಟವಾದದ್ದು ನೆಕ್ಕುವ ನಾಯಿ. ಲೂಕನ ಸುವಾರ್ತೆಯಲ್ಲಿ ಶ್ರೀಮಂತನ ಬಾಗಿಲಲ್ಲಿ ಲಾಜರ ಎಂಬ ಭಿಕ್ಷುಕ ಮೈತುಂಬ ಹುಣ್ಣಾಗಿ ಬಿದ್ದಿರುತ್ತಾನೆ. ನಾಯಿಗಳು ಬಂದು ಹುಣ್ಣು ನೆಕ್ಕುತ್ತವೆ. ನಮ್ಮ ಮನೆಯಲ್ಲಿ ನಾಯಿ ನೆಕ್ಕಿದ ಪಾತ್ರೆಯನ್ನು ಒಳಗೇ ಸೇರಿಸುತ್ತಿರಲಿಲ್ಲ. ಹಾಗಾಗಿ ಇದನ್ನು ನಾನು ಅವಮಾನದ ಮೇಲೆ ಅವಮಾನ ಅಂತಲೇ ಓದಿಕೊಂಡಿದ್ದೆ. ಗ್ರೆಗರಿ ಓದುವುದು ಉಲ್ಟಾ. ನಾಯಿ ನಾಲಿಗೆ ತಾಗಿದ ಗಾಯ ಮಾಯುತ್ತದೆ ಅನ್ನುತ್ತಾನೆ. ಪಾಪವನ್ನು ಬಾಯಿಬಿಟ್ಟು ಹೇಳಿಕೊಳ್ಳುವುದು ಹುಣ್ಣು ಒಡೆದಂತೆ, ಒಳಗಿನ ವಿಷ ಚರ್ಮಕ್ಕೆ ಬಂದಂತೆ. ಅದನ್ನು ನಾಲಿಗೆಯಿಂದ ಮುಟ್ಟಿ ವಾಸಿ ಮಾಡುವವರು ಬೋಧಕರು. ಬೊಗಳುವ ನಾಲಿಗೆಯೇ ನೆಕ್ಕುವ ನಾಲಿಗೆಯೂ ಹೌದು. ಇದು ಹೊಳೆದ ದಿನ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಇಲ್ಲೇ ಒಂದು ಎಡವಟ್ಟೂ ಆಯಿತು. ಇಂಗ್ಲೆಂಡಿನ ನಾರ್ತಂಬ್ರಿಯಾದ ಸನ್ಯಾಸಿ ಬೀಡ್ ಲೂಕನಿಗೆ ಬರೆದ ವ್ಯಾಖ್ಯಾನದಲ್ಲಿ ಈ ಮಾತನ್ನು ಮೊದಲು ನೋಡಿದ್ದ ನಾನು, ಕರಡಿನಲ್ಲಿ ‘ಬೀಡ್‌ನ ಸ್ವಂತ ಕಲ್ಪನೆ’ ಅಂತ ಬರೆದುಬಿಟ್ಟಿದ್ದೆ. ಓದಿದ ಸ್ನೇಹಿತೆ ಗ್ರೆಗರಿಯ ಪುಟ ತೆಗೆದು ಪಕ್ಕದಲ್ಲಿಟ್ಟಳು. ಪದಕ್ಕೆ ಪದ ಅದೇ. ಬೀಡ್‌ನ ತಪ್ಪೇನೂ ಇಲ್ಲ ಬಿಡಿ. ಯಾರ ಮಾತು ಅಂತ ತಿಳಿಯಲಿ ಎಂದು ಅವನು ಅಂಚಿನಲ್ಲಿ ಹೆಸರಿನ ಅಕ್ಷರಗಳನ್ನು ಹಾಕಿದ್ದ. ನಕಲು ಮಾಡುವವರು ಅವನ್ನು ಬಿಡಬಾರದು ಅಂತ ಬೇಡಿಕೊಂಡೂ ಇದ್ದ. ಎಷ್ಟೋ ಜನ ಬಿಟ್ಟರು. ಅಂದಿನಿಂದ ಬೀಡ್‌ನ ಯಾವ ಸಾಲು ಸಿಕ್ಕರೂ ಮೊದಲು ಅವನಿಗಿಂತ ಹಿಂದಿನವರಲ್ಲಿ ಹುಡುಕಿ, ಆಮೇಲೆ ಚೀಟಿ ಬರೆಯುತ್ತೇನೆ.

ಮೂರು ಲಕೋಟೆಗೂ ಬಗ್ಗದ ಒಂದು ನಾಯಿ ಉಳಿದಿದೆ. ಕ್ಯಾಥೊಲಿಕ್ ಬೈಬಲಿನಲ್ಲಿರುವ ತೋಬಿತನ ಕಥೆಯಲ್ಲಿ ಅವನ ಮಗನ ಜೊತೆ ದೂರ ಹೋಗಿ, ವಾಪಸ್ ಬರುವಾಗ ಬಾಲ ಅಲ್ಲಾಡಿಸುತ್ತ ಮುಂದೆ ಓಡಿ ಬರುವ ನಾಯಿ. ಬೀಡ್‌ಗೆ ಅದೂ ಬೋಧಕನೇ. ಬಾಲ ದೇಹದ ತುದಿ, ಹಾಗಾಗಿ ಒಳ್ಳೆಯ ಕೆಲಸ ಕೊನೆಮುಟ್ಟಿದ್ದರ ಗುರುತು ಅನ್ನುತ್ತಾನೆ. ನಾಯಿ ಬಾಲ ಡೊಂಕು ಅಂತ ಕೇಳುತ್ತಲೇ ಬೆಳೆದ ನನಗೆ ನಗು ಬಂತು. ನಾಲ್ಕನೇ ಲಕೋಟೆಯ ಮೇಲೆ ‘ಬಾಲ’ ಅಂತ ಬರೆದಿಟ್ಟಿದ್ದೇನೆ. ಸದ್ಯಕ್ಕೆ ಅದರಲ್ಲಿರುವುದು ಒಂದೇ ಚೀಟಿ.