ಆಟಿಯಲ್ಲೂ ಒಣಗುವ ಬಚ್ಚಲು

ಬಿದಿರಿನ ಬ್ರಶ್ ತನ್ನಿ, ಬಾಟಲಿ ಬಿಟ್ಟು ಬಾರ್ ಸೋಪು ಬಳಸಿ, ಬಟ್ಟೆಯ ಪ್ಯಾಡ್‌ಗೆ ಬದಲಾಗಿ ಎಂದು ಬಚ್ಚಲಿನ ಪ್ಲಾಸ್ಟಿಕ್ ಕಸ ಕಡಿಮೆ ಮಾಡಲು ಕೊಡುವ ಸಲಹೆಗಳೆಲ್ಲ ಸರಿಯೇ. ಆದರೆ ಅವು ಒಣಹವೆಯ ಊರುಗಳಿಗೆ ಹೇಳಿ ಮಾಡಿಸಿದವು. ಉಡುಪಿ, ಮಂಗಳೂರಿನಲ್ಲಿ ಜೂನ್ ಹಿಡಿದು ಸೆಪ್ಟೆಂಬರ್‌ವರೆಗೆ ಬಚ್ಚಲಿನ ಗೋಡೆಯೇ ಒಣಗುವುದಿಲ್ಲ. ಬಿದಿರಿಗೆ ಬೂಸ್ಟು, ಬ್ಲೇಡಿಗೆ ತುಕ್ಕು, ಸೋಪು ಲೋಳೆ. ಹಾಗಾಗಿ ಯಾವುದನ್ನು ಬದಲಿಸುವುದಿದ್ದರೂ ನಾನು ಮೊದಲು ನೋಡುವುದು ಎರಡು: ಇದು ಆಟಿಯಲ್ಲಿ (ತುಳುವರ ಜಡಿಮಳೆಯ ತಿಂಗಳಿನಲ್ಲಿ) ಒಣಗುತ್ತದೆಯೇ, ಇದರ ನೀರು ಹೋಗಿ ಸೇರುವುದೆಲ್ಲಿಗೆ.

ಬಾವಿ ಇರುವ ಮನೆಗೆ ಎರಡನೆಯದೇ ದೊಡ್ಡದು. ಬಚ್ಚಲ ನೀರನ್ನು ತೆಂಗಿನ ಬುಡಕ್ಕೆ, ಬಾಳೆಗೆ ಬಿಡುವುದು ನಮ್ಮಲ್ಲಿ ಹೊಸತಲ್ಲ. ಹಿಂದೆ ಆ ನೀರಿನಲ್ಲಿದ್ದದ್ದು ಸೀಗೆ, ಎಣ್ಣೆ, ಕಡಲೆಹಿಟ್ಟು. ಈಗ ಫಿನಾಯಿಲ್, ಆಸಿಡ್, ಶಾಂಪೂ. ಮುರಕಲ್ಲಿನ (ಜಂಬಿಟ್ಟಿಗೆಯ) ನೆಲ ತೂತುತೂತು, ನೀರು ಸೋಸಿಕೊಳ್ಳುವಷ್ಟು ಹೊತ್ತು ಮಣ್ಣಿನಲ್ಲಿ ನಿಲ್ಲದೆ ಕೆಳಗಿಳಿಯುತ್ತದೆ. ಆದ್ದರಿಂದ ಪೈಪಿನ ಬಾಯಿ ಬಾವಿಯಿಂದ 50 ಅಡಿಯಾದರೂ ದೂರ, ಬಾವಿಗಿಂತ ತಗ್ಗಿನ ಬದಿಯಲ್ಲಿರಬೇಕು. ಅಲ್ಲಿ 3 ಅಡಿ ಅಗಲ, 2 ಅಡಿ ಆಳದ ಗುಂಡಿ ತೋಡಿ, ಅಡಿಗೆ ತೆಂಗಿನ ಸಿಪ್ಪೆಯನ್ನು ಎರಡು ವರಸೆ ಇಟ್ಟು, ಮೇಲೆ ತರಗೆಲೆ, ಒಣ ಮಡಲಿನ (ತೆಂಗಿನ ಗರಿಯ) ತುಂಡು ತುಂಬಬೇಕು. ಸುತ್ತ ಬಾಳೆ ಮತ್ತು ಕೆಸು. ಕೂದಲು, ಸೋಪಿನ ಕೆನೆ ಎಲ್ಲ ಸಿಪ್ಪೆಯ ನಾರಿಗೆ ಸಿಕ್ಕಿಕೊಳ್ಳುತ್ತವೆ. ಏಪ್ರಿಲ್‌ನಲ್ಲಿ ಆ ಸಿಪ್ಪೆ ತೆಗೆದು ತೆಂಗಿನ ಬುಡಕ್ಕೆ ಹಾಕಿ ಹೊಸತು ಇಟ್ಟರಾಯಿತು.

ಸಂಜೆ ಬಿಟ್ಟ ನೀರು ಬೆಳಿಗ್ಗೆಯೂ ಗುಂಡಿಯಲ್ಲಿ ನಿಂತಿದ್ದರೆ ಗುಂಡಿ ಸಾಲದು, ಇಲ್ಲವೇ ಸಿಪ್ಪೆ ಕಟ್ಟಿಕೊಂಡಿದೆ ಎಂದರ್ಥ. ಮಲೇರಿಯಾ, ಡೆಂಗ್ಯೂ ಇರುವ ಊರಿನಲ್ಲಿ ಅದನ್ನು ಹಾಗೇ ಬಿಡಬಾರದು. ಮಳೆಗಾಲದಲ್ಲಂತೂ ಗುಂಡಿ ಮಳೆನೀರಿನಿಂದಲೇ ತುಂಬಿರುತ್ತದೆ. ಅದಕ್ಕೆ ಪೈಪಿಗೆ ಒಂದು ಟೀ ಜಾಯಿಂಟ್ ಹಾಕಿ ಎರಡು ಬಾಯಿ ಮಾಡಬೇಕು: ಬೇಸಗೆಗೆ ಗುಂಡಿಯ ಕಡೆ, ಮಳೆಗಾಲಕ್ಕೆ ಇಂಗುಗುಂಡಿಯ ಕಡೆ. ಬಳಸದ ಬಾಯಿಗೆ ಎಂಡ್ ಕ್ಯಾಪ್. ಕಮೋಡಿನ ನೀರು ಇದಕ್ಕೆ ಸೇರಕೂಡದು.

ಗಿಡಕ್ಕೆ ಹೋಗುವ ನೀರೆಂದ ಮೇಲೆ ಆಸಿಡ್ ಬಳಸುವುದನ್ನು ಬಿಡಲೇಬೇಕು. ಸೆಪ್ಟಿಕ್ ಟ್ಯಾಂಕಿನ ಸೂಕ್ಷ್ಮಜೀವಿಗಳಿಗೂ ಅದು ಆಗದು. ಇಲ್ಲಿ ಜನ ಆಸಿಡ್ ತರುವುದೇ ಟೈಲ್ಸ್ ಮೇಲಿನ ಕಂದು ಕಲೆಗೆ. ಅದು ಕೊಳೆಯಲ್ಲ, ಬಾವಿನೀರಿನ ಕಬ್ಬಿಣ. ಎಷ್ಟು ಸೋಪು ಹಾಕಿ ತಿಕ್ಕಿದರೂ ಹೋಗದು, ಬಿಂಬುಳಿ ಎಂಬ ಹುಳಿ ಕಾಯಿಗೆ ಹೋಗುತ್ತದೆ. ಬಿಂಬುಳಿಯಲ್ಲಿ ಆಕ್ಸಾಲಿಕ್ ಆಮ್ಲ ಯಥೇಚ್ಛ, ಅದು ಕಬ್ಬಿಣವನ್ನು ಹಿಡಿದು ನೀರಿನಲ್ಲಿ ಕರಗಿಸುತ್ತದೆ. ಹಣ್ಣಾಗಿ ಉದುರಿದ್ದಾದರೂ ಸರಿ, ಉದ್ದಕ್ಕೆ ಸೀಳಿ ಕಲೆಯ ಮೇಲೆ ರಸ ಬಿಡುವಂತೆ ಉಜ್ಜಿ 20 ನಿಮಿಷ ಬಿಡಬೇಕು. ಅಂಚಿನಲ್ಲಿ ರಸ ಹಳದಿಗೆ ತಿರುಗಿದರೆ ಕಬ್ಬಿಣ ಬಿಡುತ್ತಿದೆ ಎಂದು ಗೊತ್ತಾಗುತ್ತದೆ. ಆಮೇಲೆ ತೆಂಗಿನ ಸಿಪ್ಪೆಯ ನಾರಿನಿಂದ ತಿಕ್ಕಿ ನೀರು ಹೊಯ್ದರೆ ಸಾಕು. ಕಮೋಡಿನ ಒಳಗಿನ ಕಲೆಗೆ ಎರಡು ಹಿಡಿ ಬಿಂಬುಳಿ ರುಬ್ಬಿ, ರಾತ್ರಿ ಬಳಿದು ಬಿಡುವುದು. ಮರದ ತುಂಬ ಕಾಯಿ ಬಿಟ್ಟಾಗ ರುಬ್ಬಿ ಸೋಸಿ, ಕಲ್ಲುಪ್ಪು ಹಾಕಿ ಗಾಜಿನ ಬಾಟಲಿಯಲ್ಲಿ ಇಡುತ್ತೇನೆ. ಅಮೃತಶಿಲೆ, ಮೊಸಾಯಿಕ್ ನೆಲಕ್ಕೆ ಇದು ಬೇಡ, ಹೊಳಪು ತಿಂದುಬಿಡುತ್ತದೆ. ಟೈಲ್ಸ್ ಸಂದಿನ ಸಿಮೆಂಟಿನ ಮೇಲೂ ಹೆಚ್ಚು ಹೊತ್ತು ಬಿಡಬಾರದು. ಬ್ಲೀಚಿಂಗ್ ಪೌಡರ್ ಹಾಕಿದ ಜಾಗಕ್ಕೆ ಬಿಂಬುಳಿಯಾಗಲಿ ಬೇರೆ ಯಾವುದೇ ಹುಳಿಯಾಗಲಿ ಸೋಕಿಸಲೇಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ದಿನದ ನೆಲ ಒರೆಸಲು ಬೆಲ್ಲ 1, ಲಿಂಬೆ-ಕಿತ್ತಳೆ ಸಿಪ್ಪೆ 3, ನೀರು 10ರ ತೂಕದಲ್ಲಿ ಮೂರು ತಿಂಗಳು ಕೊಳೆಸಿದ ಬಯೋ ಎಂಜೈಮ್ ಸಾಕು. ಮೊದಲ ತಿಂಗಳು ದಿನಾ ಮುಚ್ಚಳ ಸಡಿಲಿಸದಿದ್ದರೆ ಡಬ್ಬಿ ಒಡೆದೀತು.

ಸೋಪು ಮನೆಯಲ್ಲೇ ಮಾಡುವುದಾದರೆ ಕರಾವಳಿಗೆ ಬರೀ ತೆಂಗಿನೆಣ್ಣೆಯದ್ದು ಸೂಕ್ತ. ಮಲ್ಪೆ, ಉಳ್ಳಾಲದಂಥ ಕಡಲ ಬದಿಯ ಬಾವಿಗಳಲ್ಲಿ ಏಪ್ರಿಲ್-ಮೇ ಹೊತ್ತಿಗೆ ನೀರು ಉಪ್ಪಾಗುತ್ತದೆ. ಬೇರೆ ಸೋಪು ನೊರೆ ಕೊಡದ ಆ ನೀರಿನಲ್ಲೂ ಇದು ನೊರೆ ಕೊಡುತ್ತದೆ. 1 ಗ್ರಾಂ ತೆಂಗಿನೆಣ್ಣೆ ಪೂರ್ತಿ ಸೋಪಾಗಲು 0.183 ಗ್ರಾಂ ಕಾಸ್ಟಿಕ್ ಸೋಡಾ ಬೇಕು. 500 ಗ್ರಾಂ ಎಣ್ಣೆಗೆ ಅದು 91.5 ಗ್ರಾಂ. ಅಷ್ಟೂ ಹಾಕಿದರೆ ಮೈ ಬಿರಿಯುವಷ್ಟು ಒಣಗುತ್ತದೆ. ಶೇ. 20 ಕಡಿಮೆ ಮಾಡಿ 73 ಗ್ರಾಂ ಹಾಕಬೇಕು, ಉಳಿದ ಎಣ್ಣೆ ಚರ್ಮಕ್ಕೆ. ನೀರು 150 ಗ್ರಾಂ. ಎಲ್ಲವನ್ನೂ ತೂಗಿಯೇ ಹಾಕಬೇಕು, ಯಾಕೆಂದರೆ ಅರ್ಧ ಲೀಟರ್ ಎಣ್ಣೆ ಸುಮಾರು 460 ಗ್ರಾಂ ಮಾತ್ರ ತೂಗುತ್ತದೆ.

ಸ್ಟೀಲ್ ಪಾತ್ರೆ, ಗ್ಲೌಸ್, ಕನ್ನಡಕ, ತೆರೆದ ಜಗಲಿ. ನೀರಿಗೆ ಕಾಸ್ಟಿಕ್ ಹಾಕಬೇಕೇ ಹೊರತು ಕಾಸ್ಟಿಕ್ ಮೇಲೆ ನೀರು ಹೊಯ್ಯಬಾರದು, ಕುದಿದು ಮುಖಕ್ಕೆ ಚಿಮ್ಮುತ್ತದೆ. ಅಲ್ಯೂಮಿನಿಯಂ ಪಾತ್ರೆಯನ್ನು ಕಾಸ್ಟಿಕ್ ತಿನ್ನುತ್ತದೆ, ಜಲಜನಕ ಬಿಡುತ್ತದೆ. ಸಿಂಕ್ ಕ್ಲೀನ್ ಮಾಡುವ ಪ್ಯಾಕೆಟ್ ಪುಡಿ ಇದಕ್ಕಲ್ಲ, ಅದರಲ್ಲಿ ಬೇರೇನೋ ಬೆರೆತಿರುತ್ತದೆ. ಕಾಸ್ಟಿಕ್ ನೀರು, ಎಣ್ಣೆ ಎರಡೂ 40 ಡಿಗ್ರಿ ಆಸುಪಾಸಿಗೆ ಬಂದಾಗ ಬೆರೆಸಿ, ದೋಸೆಹಿಟ್ಟಿನ ಹದಕ್ಕೆ ಬರುವವರೆಗೆ ಕಡೆಯಬೇಕು. ಕಡೆಗೋಲು ಬೇಡ, ಮರವನ್ನು ಕಾಸ್ಟಿಕ್ ತಿನ್ನುತ್ತದೆ. ಸ್ಟೀಲಿನ ವಿಸ್ಕ್ ಆದೀತು. ಐಸ್‌ಕ್ರೀಮ್ ಡಬ್ಬಿಗೆ ಹೊಯ್ದು 3-5 ಗಂಟೆಯೊಳಗೆ, ಉಗುರು ಒತ್ತಿದರೆ ಸ್ವಲ್ಪ ಇಳಿಯುವಾಗಲೇ ಕತ್ತರಿಸಬೇಕು. ಮರುದಿನಕ್ಕೆ ಬಿಟ್ಟರೆ ಕತ್ತಿಗೆ ಚೂರುಚೂರಾಗುತ್ತದೆ. ಆಮೇಲೆ 4-6 ವಾರ ಗಾಳಿಯಲ್ಲಿ ಆರಬೇಕು. ಬಳಸುವ ಮುಂಚೆ ಕ್ಷಾರ ಎಷ್ಟೆಂದು ತೋರಿಸುವ ಪಿಎಚ್ ಪಟ್ಟಿ ಒದ್ದೆ ಮಾಡಿ ಸೋಪಿಗೆ ಒತ್ತಿ ನೋಡಿ, 11ರ ಹತ್ತಿರ ತೋರಿಸಿದರೆ ಮೈಗೆ ಬೇಡ, ಬಟ್ಟೆ ಒಗೆಯಿರಿ. ಇಡೀ ವರ್ಷದ್ದನ್ನು ದೀಪಾವಳಿ ಕಳೆದ ಮೇಲೆ, ಶಿವರಾತ್ರಿಯೊಳಗೆ ಮಾಡಿ ಮುಗಿಸುವುದೇ ಜಾಣತನ. ಮಳೆಗಾಲದಲ್ಲಿ ಸೋಪಿನೊಳಗಿನ ಗ್ಲಿಸರಿನ್ ಗಾಳಿಯ ತೇವ ಎಳೆದು ಬೆವರುತ್ತದೆ, ಆರುವುದೇ ಇಲ್ಲ. ಎಣ್ಣೆಯ ಈಗಿನ ಬೆಲೆಗೆ ಅಗ್ಗವೇನೂ ಅಲ್ಲ. ಹಣ ಉಳಿಸಲೆಂದು ಇದಕ್ಕೆ ಕೈಹಾಕಬೇಡಿ.

ಸೋಪು ಇಡಲು ತೆಂಗಿನ ಗೆರಟೆಯ ಕಣ್ಣಿರುವ ಹೋಳು. ಮೂರು ಕಣ್ಣುಗಳಲ್ಲಿ ಒಂದು ಮೆತ್ತಗಿರುತ್ತದೆ, ಮೊಳೆಯಿಂದ ಚುಚ್ಚಿದರೆ ನೀರಿಳಿಯಲು ತೂತು ಸಿದ್ಧ. ಒಳಗೆ ಅಂಟಿದ ಕಾಯಿಯನ್ನು ಪೂರ್ತಿ ಹೆರೆಯದಿದ್ದರೆ ಇರುವೆ ಬರುತ್ತದೆ. ಎರಡು ಗೆರಟೆ ಇಟ್ಟುಕೊಂಡು, ಒಂದು ಬಳಸುವಾಗ ಇನ್ನೊಂದನ್ನು ಹಂಡೆಯ ಒಲೆಯ ಬದಿಗಿಟ್ಟು ಒಣಗಿಸಬೇಕು. ಮೈ ತಿಕ್ಕುವ ತುಪ್ಪೀರೆ ನಾರಿಗೂ ಇದೇ ಕ್ರಮ, ಜೊತೆಗೆ ವಾರಕ್ಕೊಮ್ಮೆ ಕುದಿನೀರು. ತುಪ್ಪೀರೆ ಬಳ್ಳಿಯಲ್ಲೇ ಒಣಗಿ, ಅಲುಗಿಸಿದರೆ ಬೀಜ ಸದ್ದು ಮಾಡಬೇಕು. ಹಸಿಯಾಗಿ ಕೊಯ್ದರೆ ನಾರು ಕಪ್ಪಾಗುತ್ತದೆ. ಹಂಡೆ ಒಲೆಗೆ ಮಡಲು, ಸಿಪ್ಪೆ, ಗೆರಟೆ ಸಾಕಷ್ಟಾಯಿತು, ಬೆಂಕಿ ಹಿಡಿಸಲು ಹಾಲಿನ ಕವರ್ ತುರುಕುವ ಅಭ್ಯಾಸ ಮಾತ್ರ ಬಿಡಬೇಕು ಮಾರಾಯ್ರೆ. ಗೀಸರ್ ಇದ್ದವರು: 15 ಲೀಟರ್ ನೀರು 27ರಿಂದ 60 ಡಿಗ್ರಿಗೆ ಏರಲು ಹೆಚ್ಚುಕಡಿಮೆ 0.6 ಯೂನಿಟ್ ಬೇಕು. ಒಂದು ಬಕೆಟ್ ಹದ ಬಿಸಿನೀರಿಗೆ ಅದರ ಅರ್ಧ ಸಾಕು.

ತಲೆಗೆ ದಾಸವಾಳದ ಗೊಂಪು, ಅಂದರೆ ಎಲೆ ಕಿವುಚಿದ ಲೋಳೆ. ಎರಡು ಹಿಡಿ ಎಲೆಯನ್ನು ಎರಡು ಲೋಟ ನೀರಿನಲ್ಲಿ ಕಿವುಚಿ ಸೋಸಿದರೆ ಒಬ್ಬರಿಗಾಯಿತು. ಸೋಸದಿದ್ದರೆ ಎಲೆಯ ಚೂರು ಕೂದಲಲ್ಲೇ ಉಳಿಯುತ್ತದೆ. ಮರುದಿನಕ್ಕೆ ಹುಳಿಯುತ್ತದೆ. ತುಂಬ ಎಣ್ಣೆ ಹಚ್ಚಿದ್ದರೆ ಬರೀ ಗೊಂಪಿಗೆ ಹೋಗದು. ಎಂಟು ಅಂಟುವಾಳದ ಸಿಪ್ಪೆಯನ್ನು ಅರ್ಧ ಲೀಟರ್ ನೀರಿನಲ್ಲಿ ಕಾಲು ಗಂಟೆ ಕುದಿಸಿ ಬೆರೆಸಿ, ಕಣ್ಣು ಮುಚ್ಚಿಕೊಳ್ಳಿ.

ಮುಟ್ಟಿನ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ: ಕರಾವಳಿಗೆ ಬಟ್ಟೆ ಪ್ಯಾಡ್‌ಗಿಂತ, ದೇಹದೊಳಗಿಟ್ಟು ರಕ್ತ ಹಿಡಿಯುವ ಸಿಲಿಕೋನ್ ಕಪ್ ಮೇಲು. ಬಟ್ಟೆಗೆ ಬಿಸಿಲು ಬೇಕು, ಆಟಿಯಲ್ಲಿ ಬಿಸಿಲೆಲ್ಲಿ? ತೇವದ ಬಟ್ಟೆ ತುರಿ, ಸೋಂಕು ತರುತ್ತದೆ. 2022ರಲ್ಲಿ ಸರಕಾರ ‘ಮೈತ್ರಿ ಮುಟ್ಟಿನ ಕಪ್’ ಯೋಜನೆಯನ್ನು ಪ್ರಾಯೋಗಿಕವಾಗಿ ಆರಂಭಿಸಿದ ಜಿಲ್ಲೆಗಳಲ್ಲಿ ದಕ್ಷಿಣ ಕನ್ನಡವೂ ಒಂದು. ಮೊದಲ ಬಳಕೆಗೆ ಮುಂಚೆ ಮತ್ತು ಪ್ರತಿ ತಿಂಗಳು ಮುಗಿದ ಮೇಲೆ 5 ನಿಮಿಷ ಕುದಿಸಬೇಕು. ಪಾತ್ರೆಯ ತಳ ಮುಟ್ಟಿದರೆ ಸಿಲಿಕೋನ್ ಸುಟ್ಟೀತು, ಸ್ಟೀಲ್ ವಿಸ್ಕ್‌ನ ಒಳಗಿಟ್ಟು ಕುದಿಸಿದರೆ ಆ ಚಿಂತೆಯಿಲ್ಲ. ಸೋರುವುದು ಹೆಚ್ಚಾಗಿ ಕಪ್ ಒಳಗೆ ಪೂರ್ತಿ ಅರಳದೆ ಇರುವುದರಿಂದ; ಬುಡಕ್ಕೆ ಬೆರಳು ತಾಗಿಸಿ ಒಂದು ಸುತ್ತು ತಿರುಗಿಸಿ, ಮಡಿಕೆ ಸಿಕ್ಕಿದರೆ ಅರಳಿಲ್ಲ. ತೆಗೆಯುವಾಗ ಬಾಲ ಹಿಡಿದು ಎಳೆಯದೆ ಬುಡ ಹಿಂಡಿ ಗಾಳಿ ಬಿಡಿಸಬೇಕು. ಕಾಪರ್ ಟಿ ಹಾಕಿಸಿಕೊಂಡವರು ವೈದ್ಯರನ್ನು ಕೇಳದೆ ಬಳಸಬೇಡಿ. ಪ್ಯಾಡ್ ಬಳಸುವವರು ಅದನ್ನು ಕಾಗದದಲ್ಲಿ ಸುತ್ತಿ ಬೇರೆಯಾಗಿಯೇ ಕೊಡಿ. 2019ರ ಆಗಸ್ಟ್‌ನಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಜಾರಿ ಮಂದಾರದ ತೋಟ, ಮನೆಗಳನ್ನು ಮುಚ್ಚಿದ್ದನ್ನು ಕಂಡವರಿಗೆ ಕಸ ಎಲ್ಲಿಗೆ ಹೋಗುತ್ತದೆಂದು ವಿವರಿಸಬೇಕಾಗಿಲ್ಲ.

ಹಲ್ಲಿನ ವಿಷಯದಲ್ಲಿ ಫ್ಲೋರೈಡ್ ಪೇಸ್ಟ್ ಬಿಡುವುದು ಬೇಡ, ಇದ್ದಿಲು-ಉಪ್ಪು ಎನಾಮೆಲ್ ಸವೆಸುತ್ತವೆ. ಬಿದಿರಿನ ಬ್ರಶ್ ಬಚ್ಚಲಿನ ಹೊರಗೆ, ತಲೆ ಮೇಲಾಗಿ, ಬುಡ ನೀರಿನಲ್ಲಿ ನಿಲ್ಲದಂತೆ ಇಡಿ; ಗೊಬ್ಬರಕ್ಕೆ ಹಾಕುವ ಮುಂಚೆ ನೈಲಾನ್ ಎಳೆಗಳನ್ನು ಇಕ್ಕಳದಿಂದ ಕೀಳಬೇಕು. ಗಡ್ಡಕ್ಕೆ ಲೋಹದ ಸೇಫ್ಟಿ ರೇಜರ್: ಚರ್ಮಕ್ಕೆ 30 ಡಿಗ್ರಿ ಓರೆ, ಒತ್ತಬಾರದು. ಬಳಸಿದ ಮೇಲೆ ಬ್ಲೇಡು ಒರೆಸಿ ಒಂದು ಹನಿ ತೆಂಗಿನೆಣ್ಣೆ ಸವರಿದರೆ ಕಡಲ ಗಾಳಿಗೂ ಬೇಗ ತುಕ್ಕು ಹಿಡಿಯದು. ಹಳೆ ಬ್ಲೇಡನ್ನು ಸೀಳುಕಂಡಿ ಕೊರೆದ ತಗಡಿನ ಡಬ್ಬಿಗೆ ಹಾಕುತ್ತಾ ಬಂದು, ತುಂಬಿದ ಮೇಲೆ ಬಾಯಿ ಬಡಿದು ಮುಚ್ಚಿ, ಒಳಗೆ ಬ್ಲೇಡಿದೆ ಎಂದು ಹೇಳಿಯೇ ಗುಜರಿಯವರಿಗೆ ಕೊಡಬೇಕು.