ಗೊರೂರಿನ ನೀರಿಗೆ ಎಷ್ಟು ಸೀಸ, ನೇತ್ರಾಣಿಗೆ ಎಷ್ಟು?

ಈಜುಕೊಳದಲ್ಲಿ ಸ್ಕೂಬಾ ಕಲಿತ ಹಾಸನದವರು ಮುರ್ಡೇಶ್ವರಕ್ಕೆ ಹೋಗಿ, ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪ ತಲುಪಿ, ಮುಳುಗಲೆಂದು ಬೆಲ್ಟಿಗೆ ಕೊಳದಲ್ಲಿ ಕಟ್ಟಿದ್ದಷ್ಟೇ ಸೀಸ ಕಟ್ಟಿಕೊಂಡು ಜಿಗಿದರೆ ಮುಳುಗುವುದೇ ಇಲ್ಲ. ಸಮುದ್ರದ ಲೆಕ್ಕ ಹಿಡಿದುಕೊಂಡು ಗೊರೂರಿನ ಹೇಮಾವತಿ ಅಥವಾ ಭದ್ರಾ ಜಲಾಶಯಕ್ಕೆ ಇಳಿದವರಿಗೆ ಇದರ ಉಲ್ಟಾ: ಕಲ್ಲಿನಂತೆ ನೇರ ಹೂಳಿಗೆ.

ಒಂದು ಲೀಟರ್ ಸಿಹಿನೀರು 1 ಕೆಜಿ ತೂಗುತ್ತದೆ, ಸಮುದ್ರದ ನೀರು ಸುಮಾರು 1.025 ಕೆಜಿ. ಅಂದರೆ ಸಮುದ್ರ ನಿಮ್ಮನ್ನು ಶೇ. 2.5ರಷ್ಟು ಹೆಚ್ಚು ಎತ್ತುತ್ತದೆ. ಹೆಚ್ಚಿನವರು ಎಡವುವುದು ಈ ಶೇ. 2.5 ಯಾವುದರ ಮೇಲೆ ಎಂಬಲ್ಲಿ. ಬೆಲ್ಟಿನಲ್ಲಿರುವ ಸೀಸದ ಮೇಲಲ್ಲ, ಬರಿ ಮೈತೂಕದ ಮೇಲೂ ಅಲ್ಲ. ನೀರಿಗಿಳಿಯುವಾಗ ನಿಮ್ಮ ಮೈ ಮತ್ತು ಮೈಮೇಲಿರುವ ಎಲ್ಲದರ ಒಟ್ಟು ತೂಕದ ಮೇಲೆ.

ಸಮುದ್ರದಲ್ಲಿ ತೂಕ ಸರಿಹೋಗಿದ್ದ ಒಬ್ಬರನ್ನು ತೆಗೆದುಕೊಳ್ಳಿ. ಮೈತೂಕ 70 ಕೆಜಿ, ತುಂಬಿದ 11 ಲೀಟರಿನ ಅಲ್ಯೂಮಿನಿಯಂ ಸಿಲಿಂಡರ್ 17, ಬಿಸಿಡಿ (ಗಾಳಿ ತುಂಬಿ, ಬಿಟ್ಟು ತೇಲುವಿಕೆ ಹೊಂದಿಸುವ ಜಾಕೆಟ್), ರೆಗ್ಯುಲೇಟರ್ (ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ಸಾಧನ), ಫಿನ್ (ಕಾಲಿಗೆ ಹಾಕುವ ಈಜುರೆಕ್ಕೆ), ವೆಟ್‌ಸೂಟ್ ಸೇರಿ 8, ಸೀಸ 6. ಒಟ್ಟು 101 ಕೆಜಿ. ಇದರ ಶೇ. 2.5 ಎಂದರೆ ಎರಡೂವರೆ ಕೆಜಿ. ಸೀಸವೂ ತನ್ನ ಗಾತ್ರದಷ್ಟು ನೀರನ್ನು ಸರಿಸುವುದರಿಂದ ನಿಖರ ಲೆಕ್ಕ 2.7ರ ಹತ್ತಿರ ಬರುತ್ತದೆ, ಆದರೆ ಕಟ್ಟಲು ಸಿಗುವುದೇ ಅರ್ಧ, ಒಂದು ಕೆಜಿಯ ತುಂಡುಗಳಾದ್ದರಿಂದ ಅಷ್ಟು ಸೂಕ್ಷ್ಮಕ್ಕೆ ಹೋಗಬೇಕಿಲ್ಲ. ಗೊರೂರಿನಲ್ಲಿ ಇವರು 3.5 ಕೆಜಿಯಿಂದ ಶುರು ಮಾಡಬಹುದು. 60 ಕೆಜಿಯ ಒಬ್ಬರಿಗೆ ಸಿಹಿನೀರಿನಲ್ಲಿ 3 ಕೆಜಿ ಸಾಕಾಗುತ್ತಿದ್ದರೆ, ಅದೇ ಸಾಮಾನಿನೊಂದಿಗೆ ಒಟ್ಟು 88 ಕೆಜಿ. ನೇತ್ರಾಣಿಯಲ್ಲಿ 2ರಿಂದ 2.5 ಕೆಜಿ ಕೂಡಿಸಿಕೊಳ್ಳಬೇಕು.

ಈ ಲೆಕ್ಕ ನಿಲ್ಲುವುದು ಸಾಮಾನು ಅದೇ ಇದ್ದರೆ ಮಾತ್ರ. ಕೊಳದಲ್ಲಿ ಟೀ ಶರ್ಟ್ ಹಾಕಿ ಅಭ್ಯಾಸ ಮಾಡಿ, ಸಮುದ್ರದಲ್ಲಿ ವೆಟ್‌ಸೂಟ್ ತೊಟ್ಟರೆ ಸೂಟಿನ ತೇಲುವಿಕೆಯೇ ಉಪ್ಪಿನ ವ್ಯತ್ಯಾಸವನ್ನು ನುಂಗಿಹಾಕಬಹುದು. ಹೊಸ ಸೂಟ್ ಹೆಚ್ಚು ತೇಲಿಸುತ್ತದೆ, ಹಳೆಯದರ ನಿಯೋಪ್ರೀನ್ ರಬ್ಬರ್ ಚಪ್ಪಟೆಯಾಗಿ ಕಡಿಮೆ ತೇಲಿಸುತ್ತದೆ. ಸಿಲಿಂಡರ್ ಬದಲಾದರೂ ಹಾಗೆಯೇ. ಅಲ್ಯೂಮಿನಿಯಂ ಖಾಲಿಯಾಗುತ್ತಾ ಬಂದಂತೆ ತೇಲತೊಡಗುತ್ತದೆ, ಉಕ್ಕಿನವು ಸಾಮಾನ್ಯವಾಗಿ ಖಾಲಿಯಾದರೂ ಮುಳುಗುತ್ತವೆ. ಇವೆರಡರ ನಡುವಿನ ಅಂತರ ಮಾದರಿ ನೋಡಿ 2, 3 ಕೆಜಿ ಆಗುತ್ತದೆ. ಅದಕ್ಕೇ ಕಾಗದದ ಲೆಕ್ಕ ಆರಂಭಕ್ಕೆ ಮಾತ್ರ. ತೀರ್ಮಾನ ನೀರಿನಲ್ಲೇ.

ಪರೀಕ್ಷೆಗೆ ಎಲ್ಲ ಸಾಮಾನು ತೊಟ್ಟು, ಕಾಲು ನೆಲಕ್ಕೆ ತಾಗದಷ್ಟು ಆಳದಲ್ಲಿ, ರೆಗ್ಯುಲೇಟರ್ ಬಾಯಲ್ಲಿಟ್ಟು ನೆಟ್ಟಗೆ ನಿಲ್ಲಿ. ಸೂಟಿನೊಳಗಿನ ಗಾಳಿ ಹೊರಹೋಗಲು ಒಂದೆರಡು ನಿಮಿಷ ಕೊಡಿ. ಅವಸರದಲ್ಲಿ ಇದನ್ನು ಬಿಟ್ಟವರಿಗೆಲ್ಲ ಒಂದೆರಡು ಕೆಜಿ ಜಾಸ್ತಿ ಸೀಸ ಬೇಕೆನಿಸುತ್ತದೆ. ಪಾದ ಒಂದರ ಮೇಲೊಂದು ಹಾಕಿಕೊಳ್ಳಿ, ಇಲ್ಲದಿದ್ದರೆ ಅರಿವಿಲ್ಲದೇ ಫಿನ್ ಒದೆಯುತ್ತಿರುತ್ತೀರಿ. ಬಿಸಿಡಿಯ ಗಾಳಿ ಪೂರ್ತಿ ಬಿಡಿ. ಸಾಧಾರಣ ಉಸಿರೊಂದನ್ನು ಎಳೆದು ಹಿಡಿದಾಗ ನೀರು ಕಣ್ಣಿನ ಮಟ್ಟಕ್ಕೆ ನಿಲ್ಲಬೇಕು, ಉಸಿರು ಬಿಟ್ಟಾಗ ನಿಧಾನವಾಗಿ ಇಳಿಯಬೇಕು. ನೀರು ಕಣ್ಣಿಗಿಂತ ಕೆಳಗೇ ನಿಂತರೆ ಅರ್ಧ ಕೆಜಿ ಸೇರಿಸಿ, ಉಸಿರು ಹಿಡಿದಾಗಲೂ ಮುಳುಗಿದರೆ ಅರ್ಧ ಕೆಜಿ ತೆಗೆಯಿರಿ. ಉಸಿರು ಹಿಡಿಯುವುದು ಮೇಲ್ಮೈಯ ಈ ಪರೀಕ್ಷೆಗೆ ಮಾತ್ರ. ಕೆಳಗಿಳಿದ ಮೇಲೆ ಉಸಿರು ಕಟ್ಟಿ ಮೇಲೇರಿದರೆ ಶ್ವಾಸಕೋಶ ಹರಿಯಬಹುದು.

ಸಿಲಿಂಡರಿನ ಗಾಳಿಯ ಒತ್ತಡ ತೋರಿಸುವ ಗೇಜ್ ಸುಮಾರು 50 ಬಾರ್ ತೋರಿಸುವಾಗ, ಅಂದರೆ ಗಾಳಿ ಮುಗಿಯುತ್ತಾ ಬಂದಾಗ, ಇದನ್ನು ಮಾಡುವುದೇ ಉತ್ತಮ. ಗಾಳಿಗೂ ತೂಕವಿದೆ: 11 ಲೀಟರಿನ ಸಿಲಿಂಡರ್ 200ರಿಂದ 50 ಬಾರ್‌ಗೆ ಇಳಿಯುವಷ್ಟರಲ್ಲಿ 2 ಕೆಜಿ ಹಗುರವಾಗಿರುತ್ತದೆ. ತುಂಬಿದ ಸಿಲಿಂಡರಿನಲ್ಲಿ ಪರೀಕ್ಷಿಸಿದರೆ, ಸರಿಹೋದ ತೂಕಕ್ಕೆ ಆ 2 ಕೆಜಿ ಕೂಡಿಸಿ. ಮರೆತರೆ ಡೈವಿನ ಕೊನೆಗೆ 5 ಮೀಟರಿನಲ್ಲಿ ಸುರಕ್ಷತೆಗಾಗಿ ಮೂರು ನಿಮಿಷ ನಿಲ್ಲಬೇಕಾದಾಗ ನೀರು ನಿಮ್ಮನ್ನು ಮೇಲಕ್ಕೆ ದೂಡುತ್ತದೆ.

ತೆಗೆಯುವಾಗ ಎಡಬಲ ಸಮನಾಗಿ ತೆಗೆಯಿರಿ. ಒಂದೇ ಕಡೆಯ ಎರಡು ಕೆಜಿ ಬಿಚ್ಚಿದರೆ ಡೈವ್ ಪೂರ್ತಿ ಒಂದು ಪಕ್ಕಕ್ಕೆ ವಾಲುತ್ತೀರಿ. ಉಳಿದ ತುಂಡುಗಳು ಜಾರದಂತೆ ತಡೆ ಹಾಕಿ. ಬೆಲ್ಟಿನ ಬಕಲ್ ಒಂದೇ ಕೈಯಿಂದ ಬಿಚ್ಚುವಂತಿರಲಿ, ಬೇರೆ ಯಾವ ಪಟ್ಟಿಯಡಿಯೂ ಸಿಕ್ಕಿಕೊಂಡಿರದಿರಲಿ.

ಭಾರ ಜಾಸ್ತಿಯಾದರೇನು, ಬಿಸಿಡಿಗೆ ಗಾಳಿ ತುಂಬಿದರಾಯಿತು ಎನ್ನುವವರಿದ್ದಾರೆ. ಸಮುದ್ರದಲ್ಲೂ ಅದು ಕೆಟ್ಟ ಅಭ್ಯಾಸವೇ: ಕಾಲು ಕೆಳಗೆ ಜೋತು, ಎಳೆತ ಹೆಚ್ಚಿ, ಸಿಲಿಂಡರ್ ಬೇಗ ಖಾಲಿ. ಬಿಸಿಡಿಯಲ್ಲಿ ತುಂಬಿದ ಗಾಳಿ ಆಳ ಬದಲಾದಂತೆ ಹಿಗ್ಗಿ ಕುಗ್ಗುವುದರಿಂದ ಒಂದೇ ಮಟ್ಟದಲ್ಲಿ ನಿಲ್ಲುವುದೂ ಕಷ್ಟ. ಜಲಾಶಯದಲ್ಲಿ ಅಪಾಯ ಇನ್ನೂ ಹೆಚ್ಚು. ತಳದಲ್ಲಿ ಹೂಳು, ಮುಳುಗಿದ ಮರದ ಬುಡ, ಹಳೆಯ ಬಲೆ. ಕಾಲು ಒಮ್ಮೆ ತಳಕ್ಕೆ ಬಡಿದರೆ ಎದುರಿನ ಗೇಜೂ ಕಾಣದಷ್ಟು ಕೆಸರು ಏಳುತ್ತದೆ. ಶೋಧಕಾರ್ಯಕ್ಕೆ ಇಳಿಯುವವರು ಇದಕ್ಕಾಗಿಯೇ ಸೀಸದ ಬಗ್ಗೆ ಜಿಪುಣರಾಗಬೇಕು. ಹವ್ಯಾಸಕ್ಕೆ ಇಳಿಯುವವರಿಗೆ ಅಣೆಕಟ್ಟಿನ ಅಧಿಕಾರಿಗಳ ಅನುಮತಿ ಬೇಕೇ ಬೇಕು. ಶೆಟ್ಟಿಹಳ್ಳಿಯ ಮುಳುಗುವ ಚರ್ಚಿನ ಒಳಗೆ ಡೈವ್ ಮಾಡುವ ಆಸೆ ಬಿಟ್ಟುಬಿಡಿ, ಆ ಗೋಡೆಗಳು ಶಿಥಿಲವಾಗಿವೆ.

ತೂಕದ ವಿಷಯವಲ್ಲದಿದ್ದರೂ ಎತ್ತರದ ಬಗ್ಗೆ ಹೇಳದೆ ಬಿಡುವಂತಿಲ್ಲ: ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆಯಾದ್ದರಿಂದ, ಡೈವಿನಲ್ಲಿ ಮೈಯೊಳಗೆ ಕರಗಿದ ಸಾರಜನಕ ಗುಳ್ಳೆಯಾಗಿ ತೊಂದರೆ ಕೊಡಬಹುದು. ಹೇಮಾವತಿ ಜಲಾಶಯದ ಪೂರ್ಣಮಟ್ಟ 2922 ಅಡಿ, ಅಂದರೆ ಸುಮಾರು 890 ಮೀಟರ್. 300 ಮೀಟರ್ ದಾಟಿದರೆ, ಆಳ ಮತ್ತು ಸಮಯದ ಲೆಕ್ಕ ಇಡುವ ಡೈವ್ ಕಂಪ್ಯೂಟರನ್ನು ಎತ್ತರಕ್ಕೆ ಹೊಂದಿಸಬೇಕು. ನೇತ್ರಾಣಿಯಿಂದ ಮರಳುವಾಗಲೂ ಇದೇ ಚಿಂತೆ: ಚಿಕ್ಕಮಗಳೂರು 1000 ಮೀಟರಿಗೂ ಮೇಲಿದೆ, ಡೈವ್ ಮುಗಿಸಿದ ಸಂಜೆಯೇ ಘಾಟಿ ಹತ್ತುವುದು ವಿಮಾನ ಹತ್ತಿದ ಹಾಗೆಯೇ. ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹಲವು ಡೈವ್ ಆಗಿದ್ದರೆ ಕನಿಷ್ಠ 18 ಗಂಟೆ ಕರಾವಳಿಯಲ್ಲೇ ಇದ್ದು ಆಮೇಲೆ ಗಾಡಿ ತಿರುಗಿಸಿ.