ನೀಲಿ ಬೆಳೆದ ರೈತನ ಲೆಕ್ಕ ಬಿಡಿಸುವ ಬಗೆ

1859ರಲ್ಲಿ ಬಂಗಾಳದ ನದಿಯಾ ಜಿಲ್ಲೆಯ ರೈತರು ನೀಲಿ (ಬಟ್ಟೆಗೆ ಹಾಕುವ ನೀಲಿ ಬಣ್ಣದ ಗಿಡ) ಬಿತ್ತುವುದಿಲ್ಲವೆಂದು ಏಕೆ ಹಟ ಹಿಡಿದರು? ನೀಲಿ ತೋಟದ ಯುರೋಪಿಯನ್ ದೊರೆಗಳ ಲಾಠಿಯ ಕಥೆ ಸಾಕಷ್ಟು ಪ್ರಚಾರದಲ್ಲಿದೆ. ಅದಕ್ಕೂ ಮೊದಲು ಒಂದು ಬಿಘಾ (ಅಲ್ಲಿನ ನೆಲದ ಅಳತೆ) ಹೊಲದ ಜಮೆ-ಖರ್ಚು ಬರೆದು ನೋಡಿ.

ಮುಂಗಡದಿಂದ ಶುರುಮಾಡಿ. ಕರಾರಿಗೆ ಹೆಬ್ಬೆಟ್ಟು ಒತ್ತಿದರೆ ಬಿಘಾಕ್ಕೆ ಸುಮಾರು 2 ರೂಪಾಯಿ ‘ದಾದನ್’ ಸಿಗುತ್ತಿತ್ತು. ಹೊಸಬರು ತಪ್ಪುವುದು ಇಲ್ಲಿಯೇ: ಇದನ್ನು ಜಮೆಗೆ ಹಾಕಿಬಿಡುತ್ತಾರೆ. ಇದು ಸಾಲ, ಖರ್ಚಿನ ಕಡೆಗೇ ಬರೆಯಬೇಕು. ಅದರ ಕೆಳಗೆ ಬೀಜ, ಛಾಪಾ ಕಾಗದ, ಗಾಡಿ ಬಾಡಿಗೆ, ಕೋಠಿಯ, ಅಂದರೆ ದೊರೆಗಳ ನೀಲಿ ಕಾರ್ಖಾನೆಯ, ನೌಕರರಿಗೆ ಕೊಡುವ ಮಾಮೂಲು.

ಜಮೆಗೆ ಬರುವುದು ಕೊಯ್ದ ನೀಲಿ ಸೊಪ್ಪಿನ ಕಂತೆಯ ಬೆಲೆಯೊಂದೇ. ಕಂತೆಯ ಸುತ್ತಳತೆಯನ್ನು 6 ಅಡಿ ಸರಪಳಿಯಿಂದ ಅಳೆಯುತ್ತಿದ್ದರು. ಸೊಪ್ಪನ್ನು ಅದುಮಿ ಬಿಗಿದಷ್ಟೂ ಕಂತೆಗಳ ಸಂಖ್ಯೆ ಇಳಿಯುತ್ತಿತ್ತು. ಸರಪಳಿ ಹಿಡಿಯುವವನು ಕೋಠಿಯ ಆಳು. ಮುಂಗಡ ತೀರದಿದ್ದರೆ ಬಾಕಿ ಮುಂದಿನ ವರ್ಷಕ್ಕೆ, ಕೆಲವೊಮ್ಮೆ ಮಗನ ತಲೆಗೆ.

ಇನ್ನು ಪುಸ್ತಕದಲ್ಲಿ ಕಾಣದ ನಷ್ಟ. ಕೋಠಿಯವರು ಕೇಳುತ್ತಿದ್ದುದು ಭತ್ತಕ್ಕೆ ಒಗ್ಗುವ ಒಳ್ಳೆಯ ನೆಲವನ್ನೇ, ನೀಲಿಯ ಬೇಸಿಗೆ ಬಿತ್ತನೆಯೂ ಭತ್ತದ ಬಿತ್ತನೆಯೂ ಒಂದೇ ಹೊತ್ತಿಗೆ ಬರುತ್ತಿದ್ದವು. ನೇಗಿಲು ಒಂದೇ, ಮೊದಲು ಕೋಠಿಯ ಹೊಲ. ನೀಲಿ ಮಣ್ಣಿನ ಸಾರ ಹೀರುತ್ತದೆ ಎಂಬ ದೂರೂ ಇತ್ತು. ಆದರೆ ಗಿಡ ದ್ವಿದಳ ಜಾತಿಯದು, ಮಣ್ಣಿಗೆ ಸಾರಜನಕ ಸೇರಿಸುವಂಥದು. ನಮ್ಮ ಪ್ರಕಾರ, ಸಾರಕ್ಕಿಂತ ಕೈತಪ್ಪಿದ ಭತ್ತವೇ ದೊಡ್ಡ ಹೊಡೆತ.

ಲೆಕ್ಕ ಸರಿಯೇ ಎಂದು ತಾಳೆ ನೋಡಲು ದೊರೆಗಳ ಕಡೆಯಿಂದ ಕೇಳಿ: ಇಷ್ಟು ಲಾಭವಿದ್ದರೆ ತಾವೇ ಏಕೆ ಬೆಳೆಯಲಿಲ್ಲ? 1,000 ಬಿಘಾ ಸ್ವಂತ ಬೇಸಾಯಕ್ಕೆ 2,000 ನೇಗಿಲು ಬೇಕಿತ್ತು. ಆ ಬಂಡವಾಳವನ್ನು, ಎತ್ತುಗಳ ಮೇವನ್ನೂ ಸೇರಿಸಿ, ರೈತನ ಮೇಲೆ ಹೊರಿಸುವುದೇ ಕರಾರಿನ ಹುನ್ನಾರ. 1860ರ ನೀಲಿ ಆಯೋಗವೂ ಬೆಳೆ ರೈತನಿಗೆ ಲಾಭದ್ದಲ್ಲವೆಂದು ಒಪ್ಪಿತು.

ಬಿಹಾರದ ಚಂಪಾರಣ್‌ಗೆ ಬಂದರೆ ಲೆಕ್ಕದ ಮನೆಗಳನ್ನು ಬದಲಿಸಿ. ಅಲ್ಲಿನದು ‘ತಿನ್‌ಕಠಿಯಾ’: ಬಿಘಾದ 20 ಕಠ್ಠಾದಲ್ಲಿ 3 ಕಠ್ಠಾ ನೀಲಿಗೆ. 1897ರಲ್ಲಿ ಜರ್ಮನಿಯ ಕೃತಕ ನೀಲಿ ಮಾರುಕಟ್ಟೆಗೆ ಬಂದು ಬೆಲೆ ಕುಸಿಯಿತು. ಬೆಳೆ ಬೇಡವಾದರೂ ಬಿಡುಗಡೆಗೆ ದರ ಕಟ್ಟಿದರು: ಒಂದೋ ಹೆಚ್ಚಿದ ಗೇಣಿ, ‘ಶರಹ್‌ಬೇಶಿ’, ಇಲ್ಲವೇ ಇಡಿಗಂಟು, ‘ತವಾನ್’. ಇವನ್ನು ಖರ್ಚಿನಲ್ಲಿ ಬರೆಯಿರಿ. ಎದುರಿನ ಜಮೆಯ ಮನೆ ಖಾಲಿಯೇ ಉಳಿಯುತ್ತದೆ. 1917ರಲ್ಲಿ ಗಾಂಧೀಜಿ ಬರೆಸಿಕೊಂಡ ಸಾವಿರಾರು ಹೇಳಿಕೆಗಳಲ್ಲಿ ಈ ಎರಡು ಬಾಬತ್ತು ಮತ್ತೆ ಮತ್ತೆ ಬರುತ್ತವೆ. 1918ರ ಕಾಯ್ದೆ ತಿನ್‌ಕಠಿಯಾವನ್ನು ರದ್ದು ಮಾಡಿತು. ತವಾನ್‌ನಲ್ಲಿ ರೈತರಿಗೆ ಮರಳಿದ್ದು ಕಾಲುಭಾಗ.